ಪಕ್ಕದ ಮನೆಯ ಆಶೀರ್ವಾದ

ಪಕ್ಕದ ಮನೆಯ ಹುಡುಗಿ ಶಾಲೆಯಿಂದ ಬಂದವಳೇ ಬಾಗಿಲಲ್ಲಿ ನಿಂತು “ಬೆಂದಿದ್ಯೇನೋ” ಎಂದು ಕೂಗುವುದು ನನ್ನ ಅಡುಗೆಮನೆಗೆ ದಿನವೂ ಕೇಳಿಸುತ್ತಿತ್ತು. ಒಳಗಿನಿಂದ ಅವಳ ತಾಯಿ ರಾಗವಾಗಿ ಏನೋ ಉತ್ತರ ಕೊಡುತ್ತಿದ್ದಳು. ಅವರು ವೆನೆಜುವೆಲಾ ದೇಶದವರು, ಮನೆಯಲ್ಲಿ ಆಡುವುದು ಸ್ಪ್ಯಾನಿಷ್ ಎಂದು ನನಗೆ ಗೊತ್ತಿತ್ತು. ಆದರೂ ಕಿವಿಗೆ ಬೀಳುತ್ತಿದ್ದದ್ದು ಕನ್ನಡವೇ. ಪಾಪ, ಎಷ್ಟು ಹಸಿವೋ ಏನೋ, ಚೀಲ ಇಳಿಸುವ ಮೊದಲೇ ಅನ್ನ ಬೆಂದಿದೆಯಾ ಎಂದು ಕೇಳುತ್ತಾಳೆ ಅಂತ ಗಂಡನ ಹತ್ತಿರ ಹೇಳಿ ನಗುತ್ತಿದ್ದೆ. ಅವರು ಮೈಸೂರಿನವರು, ನನ್ನ ಕಾಲೆಳೆಯುವ ಅವಕಾಶ ಸಿಕ್ಕರೆ ಬಿಡುವವರಲ್ಲ. “ಆ ಹುಡುಗಿಗೆ ಕೇಳಿದ ತಕ್ಷಣ ಉತ್ತರನಾದ್ರೂ ಸಿಗುತ್ತೆ ಕಣೇ. ನಿನ್ನ ಮಗಳು ಇಂಗ್ಲಿಷಲ್ಲಿ ಕೇಳಿಬಿಟ್ರೆ ಬೆಂದಿದ್ದೂ ಬಡಿಸಲ್ಲ ನೀನು,” ಎಂದರು.

ಮಾತು ಸುಳ್ಳಲ್ಲ. ನಮ್ಮ ಮನೆಯಲ್ಲಿ ನಾನೇ ಮಾಡಿದ ಕಾನೂನು ಅದು. ಮಗಳು ಇಲ್ಲೇ ಸೌದಿಯಲ್ಲಿ ಹುಟ್ಟಿ ಇಲ್ಲೇ ಬೆಳೆದವಳು. ಇಂಡಿಯನ್ ಸ್ಕೂಲಿನಲ್ಲಿ ಇಂಗ್ಲಿಷ್, ಬಸ್ಸಿನಲ್ಲಿ ಹಿಂದಿ, ಗೆಳತಿಯರ ಜೊತೆ ಮಲಯಾಳಂ. ಕನ್ನಡಕ್ಕೆ ಹಟ ಹಿಡಿಯುವುದು ನಾನೊಬ್ಬಳೇ. ಹಾಗಾಗಿ ಅವಳು ಇಂಗ್ಲಿಷಿನಲ್ಲಿ ಕೇಳಿದರೆ ನಾನು ಕಿವುಡಿ. ಕನ್ನಡದಲ್ಲಿ ಕೇಳುವವರೆಗೆ ತಟ್ಟೆ ಮುಂದೆ ಬರುವುದಿಲ್ಲ. ಅವಳೂ ನನ್ನ ಮಗಳೇ ತಾನೆ. ಒಮ್ಮೊಮ್ಮೆ ಹಸಿದುಕೊಂಡೇ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ನಾನೂ ತಟ್ಟುತ್ತಿರಲಿಲ್ಲ.

ನಾವಿರುವುದು ದಮ್ಮಾಮಿನ ಅಂಚಿನಲ್ಲಿ, ಎತ್ತರದ ಗೋಡೆಯೊಳಗಿನ ಒಂದು ಕಾಂಪೌಂಡಿನಲ್ಲಿ. ನನ್ನ ಗಂಡನಿಗೂ ಆ ಹುಡುಗಿಯ ಅಪ್ಪನಿಗೂ ಕೆಲಸ ರಾಸ್ ತನೂರಾದ ಕಡೆ, ತೈಲ ಶುದ್ಧೀಕರಿಸುವ ಜಾಗದಲ್ಲಿ. ಗಂಡಸರು ಒಂದೇ ವ್ಯಾನಿನಲ್ಲಿ ಹೋಗಿ ಬರುತ್ತಿದ್ದರೂ ನಾವು ಹೆಂಗಸರು ಹತ್ತಿರವಾದದ್ದು ಮೀನಿನಿಂದ. ನನಗೆ ಆಗಷ್ಟೇ ಡ್ರೈವಿಂಗ್ ಲೈಸೆನ್ಸ್ ಸಿಕ್ಕಿತ್ತು. ಖತೀಫಿನ ಮೀನು ಮಾರುಕಟ್ಟೆಗೆ ಹೊರಟಿದ್ದೇನೆಂದು ತಿಳಿದು ಆ ಹುಡುಗಿಯ ತಾಯಿ ಚೀಲ ಹಿಡಿದುಕೊಂಡು ಬಂದು ಕಾರಿನ ಪಕ್ಕ ನಿಂತಳು. ಅವಳದೂ ಕಡಲ ತೀರದ ಊರಂತೆ. ಮೀನಿನ ಕಿವಿರು ಎತ್ತಿ ನೋಡಿ ಬೇಡವೆಂದು ತಲೆಯಾಡಿಸಿದ ರೀತಿಗೇ ನನಗೆ ಅವಳು ನಮ್ಮ ಮಂಗಳೂರಿನವಳೇ ಅನಿಸಿಬಿಟ್ಟಿತು. ನಮ್ಮಿಬ್ಬರ ನಡುವೆ ಇದ್ದದ್ದು ಅರೆಬರೆ ಇಂಗ್ಲಿಷ್, ಉಳಿದದ್ದಕ್ಕೆ ಕೈಸನ್ನೆ. ಅಂಜಲ್ ಮೀನು ಹಳತಾಗಿದ್ದರೆ ಇಬ್ಬರೂ ಒಟ್ಟಿಗೇ ಮೂಗು ಮುರಿಯುತ್ತಿದ್ದೆವು.

ಒಂದು ದಿನ ಮೀನು ತೆಗೆದುಕೊಂಡು ವಾಪಸು ಬರುವಾಗ ಆ ‘ಬೆಂದಿದ್ಯೇನೋ’ ಏನೆಂದು ಕೇಳಿದೆ. ಅವಳಿಗೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ಬಾಯಿಗೆ ಕೈ ಅಡ್ಡವಿಟ್ಟು ನಕ್ಕಳು. ಅದು ‘ಬೆಂದಿಸ್ಯೋನ್’. ಅಂದರೆ ಆಶೀರ್ವಾದ. ಅವರ ದೇಶದಲ್ಲಿ ಮಕ್ಕಳು ಮನೆಯಿಂದ ಹೊರಡುವಾಗ, ಒಳಗೆ ಬರುವಾಗ, ಫೋನ್ ಎತ್ತಿದಾಗ, ಮಲಗುವ ಮೊದಲು, ಹೆತ್ತವರನ್ನು ಆಶೀರ್ವಾದ ಕೇಳಬೇಕು. ನಮಸ್ಕಾರ, ಹೇಗಿದ್ದೀ ಎಲ್ಲ ಆಮೇಲೆ. ಹೆತ್ತವರು ‘ದ್ಯೋಸ್ ತೆ ಬೆಂದಿಗಾ’ ಅನ್ನಬೇಕು. ದೇವರು ನಿನ್ನನ್ನು ಹರಸಲಿ ಎಂದು. ಇಷ್ಟು ವಯಸ್ಸಾಗಿ ತಾನೂ ಊರಿಗೆ ಫೋನ್ ಮಾಡಿದರೆ ಅಮ್ಮನ ಹತ್ತಿರ ಮೊದಲು ಕೇಳುವುದು ಅದನ್ನೇ ಎಂದಳು. ಅನ್ನ ಬೆಂದ ಕಥೆಯನ್ನು ನಾನು ಹೇಳಿದಾಗ ನಗುತ್ತಾ ನಗುತ್ತಾ ಅವಳ ಕಣ್ಣಲ್ಲಿ ನೀರು ಬಂತು.

ನನಗೆ ಅದು ಒಂದೇ ಸಲಕ್ಕೆ ಒಳಗೆ ಇಳಿಯಿತು. ನಾವು ಮನೆಯಿಂದ ಹೊರಡುವಾಗ ಹೋಗುತ್ತೇನೆ ಎನ್ನುತ್ತೇವೆಯೇ? ಬರ್ತೇನೆ ಎನ್ನುತ್ತೇವೆ. ಮಗಳು ಶಾಲೆಗೆ ಹೊರಟು “ಹೋಗ್ತೇನೆ ಅಮ್ಮಾ” ಎಂದರೆ ನನ್ನ ಎದೆ ಧಸಕ್ಕೆನ್ನುತ್ತದೆ. “ಬರ್ತೇನೆ ಹೇಳು ಮಾರಾಯ್ತಿ” ಎಂದು ಬಸ್ಸಿನವನನ್ನು ನಿಲ್ಲಿಸಿಯಾದರೂ ಹೇಳಿಸುತ್ತೇನೆ. ಪಕ್ಕದ ಮನೆಯವರಿಗಂತೂ ಆ ಮಾತು ಇನ್ನೂ ದೊಡ್ಡದು. ಇಲ್ಲಿ ಅವರಿಗೆ ಇಗರ್ಜಿ ಇಲ್ಲ, ಪಾದ್ರಿಗಳಿಲ್ಲ, ಭಾನುವಾರವೂ ಕೆಲಸದ ದಿನ. ದಿನದಲ್ಲಿ ದೇವರ ಹೆಸರು ಬಾಯಿಗೆ ಬರುವುದಿದ್ದರೆ ಆ ಬಾಗಿಲಲ್ಲೇ.

ಹುಡುಗಿಗೆ ಆಗ ಹದಿನಾಲ್ಕು, ನನ್ನ ಮಗಳದೇ ವಯಸ್ಸು. ಶಾಲೆ ಬೇರೆಯಾದರೂ ಸಂಜೆ ಇಬ್ಬರೂ ಕಾಂಪೌಂಡಿನೊಳಗೆ ಸುತ್ತುತ್ತಿದ್ದರು. ಪಕ್ಕದ ಮನೆಯವಳು ತೀರ ಚಿಕ್ಕವಳಿದ್ದಾಗ ಈ ದೇಶಕ್ಕೆ ಬಂದವಳು. ಅಮೆರಿಕದ ಪಾಠಕ್ರಮದ ಶಾಲೆ, ಅಮೆರಿಕದವರ ಹಾಗೆಯೇ ನಾಲಿಗೆ ತಿರುಗಿಸುವ ಇಂಗ್ಲಿಷ್. ತಾಯಿ ಸ್ಪ್ಯಾನಿಷಿನಲ್ಲಿ ಕೇಳಿದರೆ ಇವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳು. ಆದರೆ ಬೆಂದಿಸ್ಯೋನ್ ಮಾತ್ರ ತಪ್ಪುತ್ತಿರಲಿಲ್ಲ. ಅದೊಂದು ಉಳಿದಿದೆ, ನನಗೆ ಅಷ್ಟು ಸಾಕು ಎಂದು ತಾಯಿ ಹೇಳುತ್ತಿದ್ದಳು. ಅವರಲ್ಲಿ ಹೆಣ್ಣುಮಕ್ಕಳಿಗೆ ಹದಿನೈದು ತುಂಬಿದರೆ ಮದುವೆಯಂಥ ಹಬ್ಬ ಮಾಡುತ್ತಾರಂತೆ. ಉದ್ದ ಗೌನು, ತಲೆಗೆ ಕಿರೀಟ, ಅಪ್ಪನ ಜೊತೆ ಕುಣಿತ. ಗೌನಿನ ಬಟ್ಟೆಯನ್ನು ತಾಯಿ ಆಗಲೇ ನನಗೆ ತೋರಿಸಿದ್ದಳು. ಹುಡುಗಿ ಬೇಡ ಎಂದಿದ್ದಳು. ಇನ್ನೂ ಸಮಯವಿದೆ, ಮನಸ್ಸು ಬದಲಾಗುತ್ತದೆ ಎಂದು ತಾಯಿ ನಂಬಿದ್ದಳು.

ಆಮೇಲೆ ಬಂತು ಆ ಶಾಲೆಯ ದೇಶದೇಶಗಳ ದಿನ. ಒಂದೊಂದು ದೇಶಕ್ಕೆ ಒಂದೊಂದು ಮೇಜು, ಬಾವುಟ, ತಿಂಡಿ. ವೆನೆಜುವೆಲಾದ ಮೇಜು ಪೂರ್ತಿ ತಾಯಿಯ ತಲೆಯ ಮೇಲೆ, ಆ ಶಾಲೆಯಲ್ಲಿ ಆ ದೇಶದ ಮಗು ಬೇರೆ ಇರಲಿಲ್ಲ. ಜೋಳದ ಹಿಟ್ಟಿನ ದಪ್ಪ ರೊಟ್ಟಿ, ಅದರ ಹೊಟ್ಟೆ ಸೀಳಿ ತುಂಬಿದ ಮಾಂಸ ಮತ್ತು ಕಪ್ಪು ಬೀನ್ಸ್, ಮಲಯಾಳಿಯ ಬಕಾಲಾ ಅಂಗಡಿಯಿಂದ ತಂದ ನೇಂದ್ರ ಬಾಳೆಹಣ್ಣಿನ ಪೋಡಿ. ಪೋಡಿ ಎಂದು ಹೇಳಿದ್ದು ನಾನು, ಅವರು ಬೇರೇನೋ ಅನ್ನುತ್ತಾರೆ. ಕರಿದದ್ದೂ ನಾನೇ. ಪಾತ್ರೆಗಳನ್ನೆಲ್ಲ ನನ್ನ ಕಾರಿನಲ್ಲಿ ಹೇರಿಕೊಂಡು ಹೋದೆವು.

ಹುಡುಗಿ ಆ ಮೇಜಿನ ಹತ್ತಿರ ಸುಳಿಯಲಿಲ್ಲ. ಅಮೆರಿಕದ ಮೇಜಿನಲ್ಲಿ ಗೆಳತಿಯರ ಜೊತೆ ಪಾಪ್‌ಕಾರ್ನ್ ಹಂಚುತ್ತಾ ನಿಂತಿದ್ದಳು. ತಾಯಿ ಆ ಕಡೆ ನೋಡುವುದು, ಮುಗುಳ್ನಗುವುದು, ಮೇಜಿನ ಬಟ್ಟೆ ಸರಿಮಾಡುವುದು. ನಾನು ಆಗಲೇ ಒಳಗೊಳಗೆ ಕುದಿಯುತ್ತಿದ್ದೆ. ನನ್ನ ಮಗಳಾಗಿದ್ದರೆ ಕಿವಿ ಹಿಡಿದು ಎಳೆದು ತರುತ್ತಿದ್ದೆ.

ಕೊನೆಗೆ ಒಬ್ಬ ಟೀಚರು ನಾಲ್ಕಾರು ಅತಿಥಿಗಳನ್ನು ಕರೆದುಕೊಂಡು ಬಂದು, ಈ ರೊಟ್ಟಿ ಮಾಡುವುದು ಹೇಗೆ ಎಂದು ಕೇಳಿದರು. ತಾಯಿ ಇಂಗ್ಲಿಷಿನಲ್ಲೇ ಶುರು ಮಾಡಿದಳು. ಎರಡು ಮಾತು ಆಡುವಷ್ಟರಲ್ಲಿ ಸಿಕ್ಕಿಕೊಂಡಳು. ಹೇಳಬೇಕಾದ್ದು ಬಹಳವಿತ್ತು, ಅವಳ ಅಜ್ಜಿ, ಅಜ್ಜಿಯ ಒಲೆ, ಏನೇನೋ. ಖುಷಿಯಲ್ಲಿ ಪೂರ್ತಿ ಸ್ಪ್ಯಾನಿಷಿಗೆ ಜಾರಿ, ಮಗಳನ್ನು ಕೈಬೀಸಿ ಕರೆದಳು. ಹುಡುಗಿ ಬಂದಳು. “ನಿನ್ನ ತಾಯಿ ಏನು ಹೇಳುತ್ತಿದ್ದಾರೆ, ನಮಗೆ ಹೇಳು,” ಎಂದರು ಟೀಚರು. ಹುಡುಗಿ ಭುಜ ಕುಣಿಸಿ ಇಂಗ್ಲಿಷಿನಲ್ಲಿ, “ಇವರು ಹೇಳುವುದು ನನಗೂ ಅರ್ಥವಾಗುವುದಿಲ್ಲ,” ಎಂದಳು.

ಅತಿಥಿಗಳು ನಕ್ಕರು. ಆ ವಯಸ್ಸಿನ ಮಕ್ಕಳ ತಮಾಷೆ ಅಂದುಕೊಂಡಿರಬೇಕು. ಅಷ್ಟು ಇಂಗ್ಲಿಷ್ ತಾಯಿಗೆ ಬರುತ್ತಿತ್ತು. ಅವಳೂ ನಕ್ಕಳು, ಎಲ್ಲರ ತಟ್ಟೆಗೆ ರೊಟ್ಟಿ ಹಾಕಿದಳು, ಟೀಚರಿಗೆ ಇನ್ನೊಂದು ಹಾಕಿದಳು. ನನಗೆ ಮಾತ್ರ ಅವಳ ಮುಖ ನೋಡಲಾಗಲಿಲ್ಲ.

ಅಲ್ಲಿಂದಾಚೆ ಪಕ್ಕದ ಬಾಗಿಲಿನ ಕೂಗು ನಿಂತುಹೋಯಿತು. ಶಾಲೆಯ ಬಸ್ಸು ಬರುತ್ತದೆ, ಬಾಗಿಲು ತೆರೆಯುತ್ತದೆ, ಮುಚ್ಚುತ್ತದೆ. ಅಷ್ಟೆ. ಮೊದಲ ವಾರ ಹುಡುಗಿಗೆ ನಾಚಿಕೆಯಾಗಿರಬೇಕು, ಸರಿಹೋಗುತ್ತದೆ ಅಂದುಕೊಂಡೆ. ತಿಂಗಳು ಕಳೆಯಿತು. ಖತೀಫಿಗೆ ಹೋಗುವಾಗ ತಾಯಿಯೇ ಹೇಳಿದಳು. “ನನ್ನ ಮಗಳು ಆಶೀರ್ವಾದ ಕೇಳುವುದಿಲ್ಲ. ಅಪ್ಪನನ್ನು ಕೇಳುತ್ತಾಳೆ. ನನ್ನನ್ನು ಇಲ್ಲ.” ಹೇಳಿ ಕಿಟಕಿಯ ಕಡೆ ತಿರುಗಿದಳು. ಆ ದಿನ ಮೀನಿನ ಕಿವಿರು ಎತ್ತಿಯೂ ನೋಡಲಿಲ್ಲ, ಕೊಟ್ಟದ್ದನ್ನು ಚೀಲಕ್ಕೆ ಹಾಕಿಕೊಂಡು ಬಂದಳು. ಅದರಲ್ಲಿ ಎರಡು ಹಾಳಾಗಿದ್ದವು.

ಮನೆಯಲ್ಲಿ ಹೇಳಿದರೆ ಗಂಡ, “ಒಂದು ಮಾತಿಗೆ ಇಷ್ಟು ರಾಮಾಯಣವೇ? ಮಕ್ಕಳು ದೊಡ್ಡವರಾಗ್ತಾರೆ ಕಣೇ, ಬಿಡು,” ಎಂದರು. ಅವರಿಗೆ ಎಲ್ಲವೂ ಬಿಡು. ನನಗೆ ಬಿಡಲಾಗಲಿಲ್ಲ. ಹುಡುಗಿ ನನ್ನ ಮಗಳನ್ನು ಹುಡುಕಿಕೊಂಡು ಬಂದ ಒಂದು ಸಂಜೆ ಹಿಡಿದು ಕೂರಿಸಿದೆ. ಮುಂದೆ ಚಕ್ಕುಲಿ ಇಟ್ಟೆ, ಇಡುತ್ತಲೇ ಬೈದೆ. ನಿನ್ನ ತಾಯಿ ಕರಗಿಹೋಗುತ್ತಿದ್ದಾಳೆ, ಒಂದು ಮಾತು ಕೇಳಿದರೆ ನಿನ್ನ ಗಂಟೇನು ಹೋಗುತ್ತದೆ ಎಂದೆ.

ಅವಳು ಚಕ್ಕುಲಿ ಮುಟ್ಟಲಿಲ್ಲ. “ಆಂಟಿ, ಅಮ್ಮ ನಿಮಗೆ ಪೂರ್ತಿ ಹೇಳಿಲ್ಲ,” ಎಂದಳು. “ಆ ದಿನ ಮನೆಗೆ ಬಂದು ನಾನು ಕೇಳಿದೆ. ಅಮ್ಮ ಪಾತ್ರೆ ತೊಳೆಯುತ್ತಿದ್ದರು. ಬೆಂದಿಸ್ಯೋನ್ ಎಂದೆ. ತಿರುಗಲಿಲ್ಲ. ಇನ್ನೊಮ್ಮೆ ಎಂದೆ. ನಲ್ಲಿ ಜೋರು ಮಾಡಿದರು. ನಾನು ತಪ್ಪು ಮಾಡಿದ್ದೆ, ನನಗೆ ಗೊತ್ತಿತ್ತು. ಅದಕ್ಕೇ ಎರಡು ಸಲ ಕೇಳಿದ್ದು.”

ಅವಳಿಗೆ ಅಳು ಬಂದಿತ್ತು, ಆದರೆ ಸಿಟ್ಟು ಅದಕ್ಕಿಂತ ದೊಡ್ಡದಿತ್ತು. “ಅಪ್ಪನ ಊರಲ್ಲಿ ಒಬ್ಬನನ್ನು ಕಳ್ಳತನಕ್ಕೆ ಜೈಲಿಗೆ ಹಾಕಿದರಂತೆ, ಅವನ ತಾಯಿ ಜೈಲಿಗೇ ಹೋಗಿ ಆಶೀರ್ವಾದ ಕೊಟ್ಟು ಬರುತ್ತಿದ್ದಳಂತೆ. ಈ ಕಥೆ ನನಗೆ ಹೇಳಿದ್ದು ಅಮ್ಮನೇ. ನಾನು ಕಳ್ಳನಿಗಿಂತ ಕಡೆಯಾ? ಅವರು ಹರಸುವುದು ನನ್ನನ್ನಲ್ಲ ಆಂಟಿ. ಅವರ ತಲೆಯಲ್ಲಿ ಒಬ್ಬಳು ಹುಡುಗಿ ಇದ್ದಾಳೆ. ಗೌನು ಹಾಕುವವಳು, ಸ್ಪ್ಯಾನಿಷ್ ಮಾತಾಡುವವಳು. ಅವಳನ್ನು ಹರಸುತ್ತಿದ್ದರು ಇಷ್ಟು ದಿನ.”

ನನ್ನ ಮಗಳು ಅಲ್ಲೇ ಕೂತಿದ್ದಳು. ನನ್ನನ್ನೇ ನೋಡುತ್ತಿದ್ದಳು. ಆ ನೋಟ ನನಗೆ ಹಿಡಿಸಲಿಲ್ಲ.

ಮರುದಿನ ಬೆಳಿಗ್ಗೆ ಪಕ್ಕದ ಮನೆಗೆ ನುಗ್ಗಿದೆ. ನಲ್ಲಿಯ ವಿಷಯ ನನಗ್ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವಳು, “ಆ ದಿನ ಕೊಡಲಿಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ,” ಎಂದಳು. ಸರಿ, ಈಗ ಕೊಡು, ನೀನೇ ಮೊದಲು ಹೇಳು, ನಿನ್ನ ಕಿರೀಟ ಬೀಳುತ್ತದಾ ಎಂದೆ. ಅವಳು ತಲೆಯಾಡಿಸಿದಳು. “ಮಗು ಕೇಳಬೇಕು. ತಾಯಿ ಕೊಡಬೇಕು. ಕೇಳದೆ ಕೊಟ್ಟರೆ ಅದು ಆಶೀರ್ವಾದ ಅಲ್ಲ. ಅದು ಭಿಕ್ಷೆ ಬೇಡುವುದು.” ನನಗೆ ಜಗಳ ಮುಂದುವರಿಸುವ ಮನಸ್ಸಿತ್ತು. ಆದರೆ ನಮ್ಮಲ್ಲಾದರೂ ಕಾಲಿಗೆ ಬೀಳದವರ ತಲೆಯ ಮೇಲೆ ಯಾರು ಅಕ್ಷತೆ ಹಾಕುತ್ತಾರೆ? ಅವಳು ಹೇಳಿದ್ದು ಸರಿ ಎಂದೇ ನನಗೆ ಅನಿಸಿತು. ಹಾಗೆ ಅನಿಸಿದ್ದೇ ನನಗೆ ಕಷ್ಟವಾಯಿತು.

ಹುಡುಗಿಗೆ ಹದಿನೈದು ತುಂಬಿದ ದಿನ ಹಬ್ಬವಿಲ್ಲ, ಗೌನಿಲ್ಲ. ಅಪ್ಪ ಒಂದು ಕೇಕು ತಂದ, ನಮ್ಮನ್ನು ಕರೆದ. ಆ ಮನುಷ್ಯ ಮೊದಲೇ ಕಡಿಮೆ ಮಾತಿನವನು. ಮಗಳು ಅವನ ಹತ್ತಿರ ಮೆಲ್ಲಗೆ ಬೆಂದಿಸ್ಯೋನ್ ಎಂದಳು, ಅವನು ಅಷ್ಟೇ ಮೆಲ್ಲಗೆ ಉತ್ತರ ಕೊಟ್ಟ, ಕದ್ದು ಮಾಡಿದವರ ಹಾಗೆ. ತಾಯಿ ಕೇಕಿಗೆ ಚಾಕು ಹುಡುಕಲು ಒಳಗೆ ಹೋದಳು. ಚಾಕು ಮೇಜಿನ ಮೇಲೆಯೇ ಇತ್ತು.

ಆ ಶಾಲೆಯಲ್ಲಿ ಒಂಬತ್ತನೆಯದರ ಮೇಲೆ ತರಗತಿಗಳಿಲ್ಲ. ಮಕ್ಕಳು ಹೊರದೇಶದ ಹಾಸ್ಟೆಲ್ ಶಾಲೆಗೆ ಹೋಗಬೇಕು. ಹುಡುಗಿಗೆ ಇಂಗ್ಲೆಂಡಿನಲ್ಲಿ ಸೀಟು ಸಿಕ್ಕಿತು. ಬೇಸಿಗೆ ರಜೆ ಕರಗುತ್ತಾ ಬಂತು. ಇವತ್ತು ಕೇಳಿಯಾಳು, ನಾಳೆ ಕೇಳಿಯಾಳು ಎಂದು ಪಕ್ಕದ ಗೋಡೆಗೆ ಕಿವಿಯಾಗಿರುತ್ತಿದ್ದೆ. ಸೂಟ್‌ಕೇಸ್ ಎಳೆಯುವ ಸದ್ದು ಕೇಳಿಸಿತು, ಪೆಟ್ಟಿಗೆ ಕಟ್ಟುವ ಸದ್ದು ಕೇಳಿಸಿತು. ಬೆಂದಿಸ್ಯೋನ್ ಮಾತ್ರ ಕೇಳಿಸಲಿಲ್ಲ. ಹೀಗೇ ಹೊರಟುಹೋದರೆ ಆ ಹುಡುಗಿ ಅಲ್ಲಿಯವಳೂ ಆಗದೆ ಇಲ್ಲಿಯವಳೂ ಆಗದೆ ಉಳಿದುಬಿಡುತ್ತಾಳೆ, ತಾಯಿ ಮಗಳಿದ್ದೂ ಇಲ್ಲದವಳಾಗುತ್ತಾಳೆ ಎಂದು ನನಗೆ ಭಯವಾಗುತ್ತಿತ್ತು.

ಹೊರಡುವ ದಿನ ಅವರನ್ನು ದಮ್ಮಾಮ್ ವಿಮಾನ ನಿಲ್ದಾಣಕ್ಕೆ ಕರೆದೊಯ್ದದ್ದು ನಾನೇ. ಹುಡುಗಿಯನ್ನು ಬಿಟ್ಟುಬರಲು ಅಪ್ಪನೂ ಜೊತೆಗೆ ಹೋಗುತ್ತಿದ್ದ. ತಾಯಿ ನನ್ನ ಪಕ್ಕ, ಹಿಂದೆ ಅಪ್ಪ ಮತ್ತು ಹುಡುಗಿಯರಿಬ್ಬರು. ಮಧ್ಯಾಹ್ನದ ಬಿಸಿಲು ಕಾರಿನ ಗಾಜನ್ನು ಸುಡುತ್ತಿತ್ತು. ತಾಯಿ ಸ್ಪ್ಯಾನಿಷಿನಲ್ಲಿ ಜಾಕೆಟ್ಟು, ಮಾತ್ರೆ, ಚಾರ್ಜರ್ ಎಂದು ಒಂದೊಂದೇ ಕೇಳುತ್ತಿದ್ದಳು. ಹುಡುಗಿ ಇಂಗ್ಲಿಷಿನಲ್ಲಿ ಇದೆ, ಇದೆ ಎನ್ನುತ್ತಿದ್ದಳು.

ಒಳಗೆ ಹೋಗುವ ಬಾಗಿಲಿನಿಂದಾಚೆ ನಮಗೆ ಪ್ರವೇಶವಿಲ್ಲ. ಹುಡುಗಿ ನನ್ನ ಮಗಳನ್ನು ತಬ್ಬಿ ಅತ್ತಳು. ನನ್ನನ್ನು ತಬ್ಬಿದಳು. ತಾಯಿಯ ಹತ್ತಿರ ಬಂದಳು. ಕೆನ್ನೆಗೆ ಮುತ್ತು ಕೊಟ್ಟಳು. ಒಂದು ಕ್ಷಣ ಹಾಗೇ ನಿಂತಳು. ಇಬ್ಬರಲ್ಲಿ ಒಬ್ಬರಾದರೂ ಬಾಯಿ ಬಿಟ್ಟರೆ ಸಾಕು ಎಂದು ನಾನು ಊರಿನ ದೇವರನ್ನೆಲ್ಲ ನೆನೆದೆ. ಹುಡುಗಿ ಬ್ಯಾಗು ಹೆಗಲಿಗೇರಿಸಿ ಅಪ್ಪನ ಹಿಂದೆ ನಡೆದುಬಿಟ್ಟಳು.

ಅವಳು ಬಾಗಿಲು ದಾಟುವಷ್ಟರಲ್ಲಿ ತಾಯಿಯ ಕಟ್ಟೆ ಒಡೆಯಿತು. “ದ್ಯೋಸ್ ತೆ ಬೆಂದಿಗಾ!” ಎಂದು ಕೂಗಿದಳು. ಮಾತಲ್ಲ, ಅರಚಿದ್ದು. ಇಡೀ ನಿಲ್ದಾಣ ತಿರುಗಿ ನೋಡಿತು. ಮಕ್ಕಳನ್ನು ಎತ್ತಿಕೊಂಡ ಹೆಂಗಸರು, ಟ್ರಾಲಿಯವರು, ಕಾವಲಿನವನು, ಎಲ್ಲರೂ. ತಾಯಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಹಾಗಾಗಿ ಅವಳು ನೋಡಲಿಲ್ಲ. ನಾನು ನೋಡಿದೆ, ನನ್ನ ಮಗಳು ನೋಡಿದಳು. ಹುಡುಗಿಯ ಕಾಲು ನಿಂತಿತು. ಬೆನ್ನು ನೆಟ್ಟಗಾಯಿತು. ಅಪ್ಪ ತಿರುಗಿ ಅವಳ ಮುಖ ನೋಡಿದ. ಆಮೇಲೆ ಅವಳು ಹಿಂದೆ ತಿರುಗಿ ನೋಡದೆ ಮುಂದೆ ನಡೆದಳು.

ವಾಪಸು ಬರುವಾಗ ತಾಯಿ, “ಅವಳಿಗೆ ಕೇಳಿಸಿತಾ?” ಎಂದು ಕೇಳಿದಳು. ನಾನು ರಸ್ತೆ ನೋಡಿಕೊಂಡು ಗಾಡಿ ಓಡಿಸುತ್ತಿದ್ದೆ. ಕೇಳಿಸಿತು ಎಂದರೆ ಮಗಳು ಬೇಕೆಂದೇ ತಿರುಗಲಿಲ್ಲ ಎಂದಾಗುತ್ತದೆ. ಸುಳ್ಳು ನನ್ನ ನಾಲಿಗೆಗೆ ಒಗ್ಗುವುದಿಲ್ಲ. ನಾನು ತಡಬಡಾಯಿಸುತ್ತಿರುವಾಗ ಹಿಂದಿನಿಂದ ನನ್ನ ಮಗಳು ಇಂಗ್ಲಿಷಿನಲ್ಲಿ, ಸ್ವಲ್ಪವೂ ತಡವರಿಸದೆ ಹೇಳಿದಳು. “ಇಲ್ಲ ಆಂಟಿ. ಅಲ್ಲಿ ತುಂಬಾ ಗಲಾಟೆ ಇತ್ತು. ಅವಳಿಗೆ ಕೇಳಿಸಲೇ ಇಲ್ಲ.”

ತಾಯಿ ಮೂಗು ಒರೆಸಿಕೊಂಡಳು. “ಕೇಳಿಸಲಿಲ್ಲ,” ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ಸೀಟಿನಲ್ಲಿ ನೆಟ್ಟಗೆ ಕೂತಳು. “ಹಾಗಾದರೆ ಇಳಿದ ಕೂಡಲೇ ಫೋನ್ ಮಾಡಬೇಕು. ನಾನೇ ಹೇಳುತ್ತೇನೆ. ಹಲೋ ಅನ್ನುವ ಮೊದಲೇ.”

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಮಗಳನ್ನು ನಿಲ್ಲಿಸಿದೆ. “ಅಷ್ಟು ದೊಡ್ಡ ಸುಳ್ಳು ಹೇಳ್ಲಿಕ್ಕೆ ನಿಂಗೆ ಯಾರು ಕಲಿಸಿದ್ದು? ಅವಳಿಗೆ ಕೇಳಿಸಿದ್ದು ನೀನೂ ನೋಡಿದ್ದಿ.”

ಅವಳು ಚಪ್ಪಲಿ ಬಿಚ್ಚುತ್ತಾ ಕನ್ನಡದಲ್ಲೇ ಉತ್ತರ ಕೊಟ್ಟಳು. “ನಿಜ ಹೇಳಿದ್ರೆ ಆಂಟಿ ಇನ್ನು ಫೋನ್ ಮಾಡ್ಲಿಕ್ಕಿಲ್ಲ ಅಮ್ಮ. ನಾನು ಹಾಗೆ ತಿರುಗಿ ನೋಡದೆ ಹೋಗಿದ್ರೆ ನೀನು ಮಾಡ್ತಿದ್ದಿಯಾ?”

ನಾನು ಮಾಡುತ್ತಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಉತ್ತರಕ್ಕೆ ಕಾಯದೆ ತನ್ನ ಕೋಣೆಗೆ ಹೋದಳು.